ಲೆಕ್ಕವನ್ನು ಹೊರಗೆ ಕೊಡುವ ಬಗ್ಗೆ ನನ್ನ ಸಲಹೆ

ನಮ್ಮೂರಲ್ಲಿ ಎರಡರ ಮೇಲಿನ ಅಂಕಿ ಕಾಗದದ ಮೇಲೆ ನಿಲ್ಲುವುದಿಲ್ಲ. ಬರೆದಿಟ್ಟು ಒಲೆಯ ಮೇಲೆ ಹಾಲಿಟ್ಟರೆ, ಹಾಲು ಉಕ್ಕುವಷ್ಟರಲ್ಲಿ ಆ ಜಾಗ ಬೆಳ್ಳಗಾಗಿರುತ್ತದೆ. ಅಂಕಿಯಲ್ಲಿ ಬರೆದರೂ ಅಷ್ಟೆ, ಅಕ್ಷರದಲ್ಲಿ ಬರೆದರೂ ಅಷ್ಟೆ. ಗೋಡೆಗೆ ಸುಣ್ಣದಲ್ಲಿ ಬರೆಯಿರಿ, ಕಲ್ಲಿಗೆ ಉಳಿಯಲ್ಲಿ ಕೆತ್ತಿರಿ, ಕಥೆ ಅದೇ. ಒಂದು ಮತ್ತು ಎರಡು ಮಾತ್ರ ಹೇಗೋ ಉಳಿದುಕೊಂಡಿವೆ. ಆದ್ದರಿಂದ ಈ ಬರಹದಲ್ಲಿ ಎಷ್ಟು ವರ್ಷ, ಎಷ್ಟು ಹನಿ ಎಂದು ಹುಡುಕಬೇಡಿ. ನಾನು ಬರೆಯಬಹುದು, ನೀವು ಓದಲಾರಿರಿ.

ಹೊರಗಿನಿಂದ ಬಂದವರು ಅಯ್ಯೋ ಪಾಪ ಎನ್ನುತ್ತಾರೆ. ನಮಗೇನೂ ಅನಿಸುವುದಿಲ್ಲ. ನಮ್ಮ ಬಸ್ಸುಗಳಿಗೆ ಬಣ್ಣದ ಹೆಸರು, ಮನೆಗಳಿಗೆ ಬಾಗಿಲ ಮುಂದಿನ ಮರದ ಹೆಸರು. ಫೋನು ಬಂದಿಲ್ಲ, ನಂಬರೇ ಇಲ್ಲದ ಮೇಲೆ ಯಾರಿಗೆ ಅಂತ ಮಾಡುವುದು? ಶಾಲೆಯಲ್ಲಿ ಮೇಷ್ಟ್ರು ಪರೀಕ್ಷೆಯ ಅಂಕವನ್ನು ಒಬ್ಬೊಬ್ಬರ ಕಿವಿಯಲ್ಲಿ ಹೇಳುತ್ತಾರೆ, ಮಕ್ಕಳು ಮನೆಗೆ ಹೋಗಿ ತಮಗೆ ಬೇಕಾದ್ದನ್ನು ಹೇಳುತ್ತಾರೆ. ಅಪ್ಪಂದಿರು ಹಲ್ಲು ಕಡಿಯಬಹುದು ಅಷ್ಟೆ, ಮೇಷ್ಟ್ರನ್ನು ಹೋಗಿ ಕೇಳುವ ಹಾಗಿಲ್ಲ. ಹೇಳಿದ ಮೇಲೆ ಆ ಅಂಕಿ ಮೇಷ್ಟ್ರದಲ್ಲ.

ಇದು ನಮ್ಮೂರಿನ ರೂಢಿ. ಒಂದು ಅಂಕಿಗೆ ಒಂದೇ ಬಾಯಿ. ನನ್ನ ಹತ್ತಿರ ಇರುವ ಅಂಕಿಯನ್ನು ನಿಮಗೆ ಹೇಳಿದೆನೆಂದರೆ ಕೊಟ್ಟುಬಿಟ್ಟೆ ಎಂದೇ ಅರ್ಥ. ಮತ್ತೆ ಅದನ್ನು ನಾನು ಯಾರ ಮುಂದೆಯೂ ಆಡುವಂತಿಲ್ಲ. ಆಡಿದರೆ ಅದು ಎರಡು ಬಾಯಿಯಲ್ಲಿ ತಿರುಗಿ ಎರಡು ಅಂಕಿಯಾಗುತ್ತದೆ, ಯಾವುದು ಸರಿ ಎಂದು ತೆಗೆದು ನೋಡಲು ನಮ್ಮಲ್ಲಿ ಕಾಗದವಿಲ್ಲ. ಸೂಲಗಿತ್ತಿ ಬೋರಮ್ಮ ಒಂದು ಸಲ ಕೂಸಿನ ತೂಕವನ್ನು ತಾಯಿಗೂ ಹೇಳಿ ಅಜ್ಜಿಗೂ ಹೇಳಿದಳು. ಅಜ್ಜಿಗೆ ಬೇರೆಯೇ ಕೇಳಿಸಿತು. ಜಗಳವಾಗಿ, ಊರು ಸೇರಿ, ಬೋರಮ್ಮನನ್ನು ಇನ್ನು ಯಾರೂ ಹೆರಿಗೆಗೆ ಕರೆಯಬಾರದು ಎಂದಾಯಿತು. ಅವತ್ತು ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು. ಆಗ ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ನಾನು ಶಂಭುಲಿಂಗ. ಲೆಕ್ಕದ ಕೋಣೆ ನೋಡಿಕೊಳ್ಳುವುದು ನನ್ನ ಕೆಲಸ. ಆ ಕೋಣೆಯಲ್ಲಿ ಒಂದು ಯಂತ್ರವಿದೆ, ರೇಡಿಯೊ ರಿಪೇರಿಯ ಅಂಬುಜಮ್ಮ ಮಾಡಿದ್ದು. ಕರಿ ಪರದೆ, ಅದರ ಮೇಲೆ ಮಿಣಮಿಣ ಎನ್ನುವ ಬಿಳಿ ಗೀಟು. ಚಿತ್ರವಿಲ್ಲ, ಕೆಳಗೊಂದು ಕೀಲಿಮಣೆ ಅಷ್ಟೆ. ಲೆಕ್ಕವನ್ನು ಒಂದು ಸಾಲಾಗಿ ಟೈಪ್ ಮಾಡಿ ಒತ್ತಿದರೆ ಕೆಳಗಿನ ಸಾಲಿನಲ್ಲಿ ಉತ್ತರ ಬರುತ್ತದೆ. ಬೇಕಾದರೆ ಸಾಲಿಗೊಂದು ಹೆಸರು ಹಚ್ಚಬಹುದು. 'ಹಿಂದಿನದು' ಎಂದು ಕೇಳಿದರೆ ಹಳೆಯ ಸಾಲುಗಳನ್ನು ತೋರಿಸುತ್ತದೆ. ಊರಿನಲ್ಲಿ ಅಂಕಿ ನಿಲ್ಲುವುದು ಅದರ ಹೊಟ್ಟೆಯಲ್ಲಿ ಮಾತ್ರ, ಅದೂ ಅದು ನಡೆಯುತ್ತಿರುವವರೆಗೆ. ನಿಲ್ಲಿಸಿದರೆ ಎಲ್ಲ ಮರೆಯುತ್ತದೆ. ಅದಕ್ಕೇ ಯಾರ ಕೈಗೂ ಆರಿಸಲು ಸಿಗದ ಹಾಗೆ ಅಂಬುಜಮ್ಮ ಅದನ್ನು ಗೋಡೆಯೊಳಗೆ ಕೂರಿಸಿ ಗಾರೆ ಮೆತ್ತಿಬಿಟ್ಟಿದ್ದಾರೆ.

ಯಂತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಸಾಲು ಇದ್ದದ್ದು ನಮ್ಮಕ್ಕ ಸುಲೋಚನಳದು. ಅವ್ವ ಹೋದಾಗ ನಾನಿನ್ನೂ ಚಡ್ಡಿ ಹಾಕಲು ಬಾರದ ಕೂಸು. ಕೌದಿ ಹೊಲಿದು ನನ್ನನ್ನು ಸಾಕಿದವಳು ಅಕ್ಕನೇ. ನನಗೆ ಕೆಲಸ ಸಿಕ್ಕ ವರ್ಷವೇ ಅವಳಿಗೆ ಮೂರ್ಛೆ ಶುರುವಾಯಿತು. ಸಾಕಿದ ಋಣವನ್ನು ನಾನು ತೀರಿಸುವಂತಾಗಲಿ ಎಂದೇ ಅದು ಕಾಯುತ್ತಿತ್ತೇನೋ ಎಂಬಂತೆ. ಮಾತಾಡುತ್ತಾ ಆಡುತ್ತಾ ಕಣ್ಣು ಮೇಲೆ ಹೋಗಿ ಬಿದ್ದುಬಿಡುತ್ತಿದ್ದಳು. ಎದ್ದ ಮೇಲೆ ತುಟಿಯ ರಕ್ತ ಒರೆಸಿಕೊಂಡು, "ಎಷ್ಟು ಹೊತ್ತು ನಿದ್ದೆ ಹೊಡೆದೆನೋ ಶಂಭು?" ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಆಗ ನಮ್ಮೂರಲ್ಲೊಬ್ಬರು ಮುದಿ ಡಾಕ್ಟರಿದ್ದರು. ಒಂದು ಸೀಸೆ ಔಷಧಿ ಕೊಟ್ಟರು. ಅದನ್ನು ಹನಿ ಲೆಕ್ಕದಲ್ಲಿ ನೀರಿಗೆ ಬೆರೆಸಿ ಕೊಡಬೇಕು. ಹನಿ ಕಡಿಮೆಯಾದರೆ ಬೀಳುತ್ತಾಳೆ, ಹೆಚ್ಚಾದರೆ ಉಸಿರು ಮರೆತವಳ ಹಾಗೆ ಮಲಗಿಬಿಡುತ್ತಾಳೆ. ಅವಳ ತೂಕ, ಹಿಂದಿನ ವಾರ ಬಿದ್ದ ದಿನಗಳು, ಬಿಸಿಲು ಚಳಿ, ಎಲ್ಲವನ್ನೂ ನಾನು ಪ್ರತಿದಿನ ಯಂತ್ರಕ್ಕೆ ಹಾಕಿ ಹನಿ ತೆಗೆಯುತ್ತಿದ್ದೆ. ವರ್ಷಗಟ್ಟಲೆ ತೆಗೆದೆ. ಮೊದಲು ದಿನ ಬಿಟ್ಟು ದಿನ ಬೀಳುತ್ತಿದ್ದವಳು ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ, ಕೊನೆಗೆ ಬೀಳುವುದನ್ನೇ ಬಿಟ್ಟಳು. ಡಾಕ್ಟರು ತೀರಿಕೊಳ್ಳುವ ಮುಂಚೆ ನನ್ನ ಬೆನ್ನು ತಟ್ಟಿ, "ಇವಳನ್ನ ಬದುಕಿಸಿದ್ದು ನನ್ನ ಔಷಧಿ ಅಲ್ಲಪ್ಪ, ನಿನ್ನ ಸಾಲುಗಳು" ಎಂದಿದ್ದರು.

ಈ ವರ್ಷ ಆ ಔಷಧಿ ತಯಾರಾಗುವುದೇ ನಿಂತುಹೋಯಿತು. ನಮ್ಮ ಹತ್ತಿರ ಎರಡೇ ಸೀಸೆ ಉಳಿದವು. ಹೊಳೆಯಾಚೆಯ ದೊಡ್ಡಾಸ್ಪತ್ರೆಯ ಡಾಕ್ಟರಿಗೆ ಕಾಗದ ಬರೆದೆ. ಅವರು ಉತ್ತರ ಬರೆದರು. ಹೊಸ ಔಷಧಿ ಇದೆ, ಆದರೆ ಹಳೆಯದರ ಪೂರ್ತಿ ಪಟ್ಟಿ ತನ್ನಿ. ಯಾವಾಗ ಎಷ್ಟು ಕೊಟ್ಟಿರಿ, ಯಾವಾಗ ಬಿದ್ದರು, ಎಲ್ಲ ಬೇಕು. ಅದನ್ನು ನೋಡಿ ಹೊಸದರ ಅಳತೆ ಕಟ್ಟುತ್ತೇನೆ. ಪಟ್ಟಿ ಇಲ್ಲದೆ ಬಂದರೆ ಮೊದಲಿನಿಂದ ಏರಿಸಿ ಇಳಿಸಿ ನೋಡಬೇಕಾಗುತ್ತದೆ, ಈ ವಯಸ್ಸಿಗೆ ನಿಮ್ಮ ಅಕ್ಕ ಅದನ್ನು ತಡೆದುಕೊಳ್ಳುತ್ತಾರೆ ಎಂದು ನಾನು ಹೇಳಲಾರೆ, ಎಂದು ಕಾಗದ ಮುಗಿದಿತ್ತು. ಕಾಗದವನ್ನು ಎರಡು ಸಲ ಓದಿ ಮಡಿಚಿ ಜೇಬಿನಲ್ಲಿಟ್ಟುಕೊಂಡೆ. ಕೊನೆಯ ಸಾಲನ್ನು ಅಕ್ಕನಿಗೆ ಓದಿ ಹೇಳಲಿಲ್ಲ.

ಪಟ್ಟಿ ಗೋಡೆಯೊಳಗಿತ್ತು. ಬಾಯಲ್ಲಿ ಹೊತ್ತು ಹೋಗೋಣವೆಂದರೆ ಅಷ್ಟು ಸಾಲು ಯಾರ ಬಾಯಿಗೂ ಹಿಡಿಸುವುದಿಲ್ಲ. ಊರಿನವರನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಹೋದರೂ ಆಗದು. ಹಾಗಾಗಿ ಅಂಬುಜಮ್ಮನಿಗೆ ಒಂದು ಸಲಹೆಯ ಕಾಗದ ಬರೆದೆ. ಯಂತ್ರದ ವಿಷಯ ಏನಿದ್ದರೂ ಅವರಿಗೆ ಬರೆದೇ ಕೊಡಬೇಕು, ಬಾಯಿಮಾತಿಗೆ ಅವರು ತಲೆ ಎತ್ತುವುದಿಲ್ಲ. ನಾನು ಬರೆದದ್ದು ಹೀಗಿತ್ತು.

"ಅಂಬುಜಮ್ಮನವರಿಗೆ ನಮಸ್ಕಾರ. ನಿಮ್ಮ ಯಂತ್ರ ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಡುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಉತ್ತರ ಅಲ್ಲೇ ಕೂತಿರುತ್ತದೆ. ಅದನ್ನು ಫೈಲಾಗಿ ಕಟ್ಟಿ ಹೊರಗೆ ಕೊಡುವ ಸೌಲಭ್ಯ ಬೇಕು. 'ಹೊರಗೆ' ಎಂದು ಟೈಪ್ ಮಾಡಿ ಫೈಲಿನ ಹೆಸರು ಬರೆದರೆ ಸಾಕು ಎನ್ನುವಂತಿರಲಿ. ಅಲ್ಲದೆ, ಎಲ್ಲರ ಸಾಲೂ ಬೇಡ ಎನ್ನುವವರಿಗೆ ಇಂಥವರ ಹೆಸರಿನದು ಮಾತ್ರ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಎಂದು ಆರಿಸಲು ಬರಲಿ. ಹಾಗೆಯೇ, ಉತ್ತರದ ಜೊತೆಗೆ ಕೇಳಿದ ಲೆಕ್ಕವೂ ಬರಲಿ. ಬರೀ ಉತ್ತರ ಕೊಟ್ಟರೆ ಹೊರಗಿನವರಿಗೆ ತಲೆಬುಡ ತಿಳಿಯದು. ಮತ್ತೆ, ತೂಕ, ಹನಿ, ದಿನ ಇವುಗಳ ನಡುವೆ ಅಲ್ಪವಿರಾಮ ಬೀಳಲಿ. ಹಾಗಿದ್ದರೆ ಹೊಳೆಯಾಚೆಯ ಕಂಪ್ಯೂಟರಿನಲ್ಲಿ ಅದು ತಾನಾಗಿ ಪಟ್ಟಿಯಾಗಿ ತೆರೆಯುತ್ತದಂತೆ. ಇದು ಬೇಗ ಆಗಬೇಕು. ಯಾಕೆಂದು ನಿಮಗೆ ಗೊತ್ತು."

ಕೊಡಲು ಹೋದಾಗ ಅಂಬುಜಮ್ಮ ಒಂದು ರೇಡಿಯೊದ ಕರುಳನ್ನೆಲ್ಲ ಹೊರಗೆಳೆದು ಕೂತಿದ್ದರು. ಕನ್ನಡಕ ಏರಿಸಿ ಕಾಗದ ಓದಿದರು.

"ಎಲ್ಲಾ ಆಗುತ್ತೆ ಶಂಭುಲಿಂಗಪ್ಪ. ಚೆನ್ನಾಗಿ ಯೋಚ್ನೆ ಮಾಡಿ ಬರ್ದಿದೀರಿ. ಒಂದೇ ಕೇಳ್ತೀನಿ. ಹೊರಗೆ ಕೊಟ್ಟ ಮೇಲೆ ಒಳಗೂ ಇಟ್ಕೊಂಡಿರ್ಬೇಕಾ?"

ನನಗೆ ಅವರು ಏನೋ ಹೇಸಿಗೆಯ ಮಾತಾಡಿದಂತಾಯಿತು. "ಛೆ ಛೆ, ಎಂಥ ಮಾತು ಅಂಬುಜಮ್ಮೋರೆ! ಎರಡು ಬಾಯಿ ಆಗಲ್ವಾ ಅದು?"

"ಆಗುತ್ತೆ. ಅದಕ್ಕೇ ಕೇಳ್ದೆ." ಅವರು ದನಿ ತಗ್ಗಿಸಿದರು. "ಸುಲೋಚನಮ್ಮನ ವಿಷಯ. ನೀವು ಹೂಂ ಅಂದ್ರೆ ಯಾರಿಗೂ ತಿಳೀದ ಹಾಗೆ ಮಾಡ್ಕೊಡ್ತೀನಿ. ನಮ್ಮಿಬ್ಬರಲ್ಲೇ ಇರುತ್ತೆ."

"ಬೇಡ. ಬೋರಮ್ಮಂಗೊಂದು ನ್ಯಾಯ, ಶಂಭುಲಿಂಗನಿಗೊಂದು ನ್ಯಾಯ ಅಂತ ಊರು ಆಡ್ಕೊಳೋದು ಬೇಡ. ನಾನು ಲೆಕ್ಕದ ಕೋಣೆಯವನು."

"ಹಾಗಾದ್ರೆ ಪೂರ್ತಿ ರೂಢಿ ಪ್ರಕಾರನೇ ಮಾಡ್ಲಾ?"

"ಪೂರ್ತಿ ರೂಢಿ ಪ್ರಕಾರನೇ ಮಾಡಿ," ಎಂದೆ. ಎದೆ ಸೆಟೆಸಿಕೊಂಡು ಮನೆಗೆ ಬಂದೆ. ಅಕ್ಕನ ಮುಂದೆಯೂ ಕೊಚ್ಚಿಕೊಂಡೆ. ಅವಳು ಸೂಜಿಗೆ ದಾರ ಪೋಣಿಸುತ್ತಾ, "ನಿನ್ನ ಬಗ್ಗದ ತಲೆಗೆ ಯಾವತ್ತೋ ಒಂದಿನ ಬಾಗಿಲ ಚೌಕಟ್ಟು ಹೊಡೆಯುತ್ತೆ ನೋಡು," ಎಂದಳು. ಅವಳು ಹಾಗೇ, ಹೊಗಳಬೇಕಾದಲ್ಲಿ ಚುಚ್ಚುತ್ತಾಳೆ.

ಅಂಬುಜಮ್ಮ ಕೆಲಸ ಮುಗಿಸುವಷ್ಟರಲ್ಲಿ ಒಂದು ಸೀಸೆ ಖಾಲಿಯಾಗಿ ಇನ್ನೊಂದರ ಮುಚ್ಚಳ ತೆಗೆದಿದ್ದೆವು. ಒಂದು ಬೆಳಗ್ಗೆ ಅವರು ಬಂದು ಯಂತ್ರಕ್ಕೆ ಹೊಸ ವಿದ್ಯೆ ಕಲಿಸಿ, ಗೋಡೆಯ ಪಕ್ಕ ಒಂದು ಸಣ್ಣ ಕಿಂಡಿ ಕೊರೆದು, ಪೆನ್ ಡ್ರೈವ್ ಸಿಕ್ಕಿಸುವ ಜಾಗ ತೋರಿಸಿ ಹೋದರು. ಮಾರನೆಯ ದಿನದ ಹಸಿರು ಬಸ್ಸಿಗೆ ಹೊರಡುವುದೆಂದು ನಿಶ್ಚಯವಾಯಿತು. ಅಕ್ಕ ಆಗಲೇ ಬುತ್ತಿಗೆ ಏನು ಕಟ್ಟುವುದೆಂದು ಯೋಚಿಸುತ್ತಿದ್ದಳು. ನಾನು ಕೋಣೆಗೆ ಹೊರಟಾಗ ಕೂಗಿ ಹೇಳಿದಳು, "ಸರಿಯಾಗಿ ಬಂದಿದೆಯಾ ನೋಡ್ಕೊಳೋ. ಅಷ್ಟು ದೂರ ಹೋಗಿ ಡಾಕ್ಟ್ರ ಮುಂದೆ ಬಾಯಿ ಬಾಯಿ ಬಿಡೋ ಹಾಗಾಗಬಾರ್ದು."

ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು, ಕಿಂಡಿಗೆ ಪೆನ್ ಡ್ರೈವಿನ ಕಡ್ಡಿ ಸಿಕ್ಕಿಸಿ ಕೂತೆ. 'ಹೊರಗೆ, ಸುಲೋಚನ, ಎಲ್ಲ' ಎಂದು ಟೈಪ್ ಮಾಡಿದೆ. ಯಂತ್ರ ಸ್ವಲ್ಪ ಹೊತ್ತು ಗುಂಯ್ ಎಂದಿತು. 'ಕೊಟ್ಟಾಯಿತು' ಎಂದು ಬಂತು. 'ಹಿಂದಿನದು, ಸುಲೋಚನ' ಎಂದು ಕೇಳಿದೆ. ಏನೂ ಬರಲಿಲ್ಲ. ಅದು ಸರಿಯಾಗಿಯೇ ಇತ್ತು, ಕೊಟ್ಟ ಮೇಲೆ ಅದರದ್ದಲ್ಲ. ನಮ್ಮಕ್ಕನ ಇಷ್ಟು ವರ್ಷದ ಜೀವ ಈಗ ನನ್ನ ಕಿರುಬೆರಳಿನಷ್ಟು ಕಡ್ಡಿಯಲ್ಲಿತ್ತು.

ಫೈಲು ತೆರೆದೆ. ಸಾಲುಗಳು ಬಂದವು. ಎಷ್ಟು ಚೆನ್ನಾಗಿ ಬಂದವೆಂದರೆ ಕಣ್ಣು ತುಂಬಿಬಂತು. ನಾನು ಕೇಳಿದ್ದ ಹಾಗೆಯೇ ತೂಕ, ಅಲ್ಪವಿರಾಮ, ಹನಿ, ಅಲ್ಪವಿರಾಮ, ದಿನ. ಪರದೆಯ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಏರುತ್ತಿದ್ದವು, ನಾನು ಹಳೆಯ ಫೋಟೊ ನೋಡುವವನ ಹಾಗೆ ಕೂತು ನೋಡಿದೆ. ಇದು ಅವಳು ಬಾವಿಕಟ್ಟೆಯ ಮೇಲೆ ಬಿದ್ದ ವಾರ. ಇದು ಹನಿ ಹೆಚ್ಚಾಗಿ ಎರಡು ದಿನ ಏಳದೆ, ನಾನು ಅವಳ ಮೂಗಿನ ಹತ್ತಿರ ಕನ್ನಡಿ ಹಿಡಿದು ಕೂತಿದ್ದ ಬೇಸಿಗೆ. ಇದು ಪಕ್ಕದ ಮನೆಯ ಮದುವೆಯಲ್ಲಿ ಆರತಿ ತಟ್ಟೆಯ ಸಮೇತ ಬಿದ್ದದ್ದು. ಹೆಣ್ಣಿನ ಕಡೆಯವರು ಅಪಶಕುನ ಎಂದದ್ದಕ್ಕೆ ನಾನು ಅವರ ಮನೆಯ ಅನ್ನ ಇನ್ನೂ ಮುಟ್ಟಿಲ್ಲ. ಇಲ್ಲಿಂದ ಬೀಳುವುದು ಕಡಿಮೆ. ಇಲ್ಲಿಂದ ಇಲ್ಲವೇ ಇಲ್ಲ. ಕೊನೆಯ ಸಾಲು ಅವತ್ತಿನದೇ, ಬೆಳಗ್ಗೆ ನಾನು ಕೊಟ್ಟು ಬಂದ ಹನಿ.

ಬಾವಿಕಟ್ಟೆಯ ವಾರವನ್ನು ಇನ್ನೊಮ್ಮೆ ನೋಡೋಣವೆಂದು ಮೇಲಕ್ಕೆ ಹೋದೆ. ಮೇಲೆ ಕಪ್ಪಾಗಿತ್ತು. ಫೈಲನ್ನು ಮುಚ್ಚಿ ಮತ್ತೆ ತೆರೆದೆ. ಹೆಸರಿತ್ತು, ಒಳಗೆ ಅಲ್ಪವಿರಾಮಗಳಿದ್ದವು. ಸಾಲು ಸಾಲಾಗಿ ಅಲ್ಪವಿರಾಮಗಳು. ನಡುವೆ ಏನೂ ಇರಲಿಲ್ಲ.

ಅಂಬುಜಮ್ಮನ ಅಂಗಡಿಗೆ ಹೇಗೆ ಓಡಿದೆ ಎಂದು ನೆನಪಿಲ್ಲ. ಚಪ್ಪಲಿ ಕೋಣೆಯಲ್ಲೇ ಬಿಟ್ಟಿದ್ದೆ. ಅವರು ಕಡ್ಡಿಯನ್ನು, ಗೋಡೆಯ ಯಂತ್ರಕ್ಕೆ ತಂತಿ ಎಳೆದಿದ್ದ ತಮ್ಮ ಮೇಜಿನ ಪರದೆಗೆ ಸಿಕ್ಕಿಸಿ ನೋಡಿ, ಕನ್ನಡಕ ತೆಗೆದು ಕೆಳಗಿಟ್ಟರು.

"ಬಿಚ್ಚಿ ನೋಡಿದ್ರಾ?"

"ಸರಿಯಾಗಿದೆಯಾ ಅಂತ ನೋಡ್ದೆ. ಒಂದೇ ಸಲ."

"ಯಂತ್ರದೊಳಗಿದ್ದಾಗ ಅದು ಮನೆಯೊಳಗಿನ ಮಾತು, ನೀವು ಎಷ್ಟು ಸಲ ನೋಡಿದ್ರೂ ಯಾರಿಗೂ ಕೊಟ್ಟ ಹಾಗಲ್ಲ. ಕಟ್ಟಿ ಹೊರಗೆ ಕೊಟ್ಟ ಮೇಲೆ ಯಾರು ಬಿಚ್ತಾರೋ ಅವರದ್ದು. ಡಾಕ್ಟ್ರು ಬಿಚ್ಚಿದ್ರೆ ಡಾಕ್ಟ್ರಿಗೆ ಹೋಗ್ತಿತ್ತು, ಹೊಳೆಯಾಚೆ ಅಂಕಿ ನಿಲ್ಲುತ್ತೆ, ಅಲ್ಲೇ ಉಳೀತಿತ್ತು. ನೀವು ಬಿಚ್ಚಿದ್ರಿ, ನಿಮಗೆ ಬಂತು." ಅವರು ನನ್ನ ಮುಖ ನೋಡಲಿಲ್ಲ. "ಪೂರ್ತಿ ರೂಢಿ ಪ್ರಕಾರ ಅಂದ್ರಲ್ಲಪ್ಪ."

"ತಿರುಗಿ ಒಳಗೆ ಹಾಕೋಕೆ ಬರಲ್ವಾ?"

"ಹಾಕೋಕೆ ಏನಿದೆ? ನಿಮ್ಮ ಬಾಯಲ್ಲಿದ್ರೆ ಹೇಳಿ, ಈಗಲೇ ಟೈಪ್ ಮಾಡ್ತೀನಿ."

ಹೇಳಲು ಬಾಯಿ ತೆರೆದೆ. ಆ ಇಡೀ ಪಟ್ಟಿ ಈಗ ನನ್ನದು, ನಾನೊಬ್ಬನೇ ಅದರ ಬಾಯಿ. ಕೊನೆಯ ಸಾಲು ಹೇಳಿದೆ. ಅದರ ಹಿಂದಿನದು ಹೇಳಿದೆ. ಅದರ ಹಿಂದಿನದಕ್ಕೆ ಬಂದಾಗ ತೂಕವೋ ಹನಿಯೋ ಎಂದು ತಡವರಿಸಿದೆ. ಬಾವಿಕಟ್ಟೆ ನೆನಪಿತ್ತು, ಬಿದ್ದ ಸಪ್ಪಳ ನೆನಪಿತ್ತು, ಅವತ್ತು ಅವಳು ಉಟ್ಟಿದ್ದ ಸೀರೆಯ ಅಂಚು ನೆನಪಿತ್ತು. ಅಂಕಿ ನೆನಪಿರಲಿಲ್ಲ. ಅಂಬುಜಮ್ಮ ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡು ಬಹಳ ಹೊತ್ತು ಕಾದರು. ನಾನು ಅವರ ಅಂಗಡಿಯ ನೆಲದ ಮೇಲೆ ಕೂತು ಹೆಂಗಸಿನಂತೆ ಅತ್ತೆ ಎಂದು ಊರಿನವರು ಆಮೇಲೆ ಹೇಳಿಕೊಂಡರು. ಅಕ್ಕ ಅಷ್ಟು ವರ್ಷ ಬಿದ್ದೆದ್ದರೂ ಒಮ್ಮೆಯೂ ಅತ್ತವಳಲ್ಲ. ಹೆಂಗಸಿನಂತೆ ಎನ್ನುವುದು ತಪ್ಪು. ನಾನು ನನ್ನಂತೆ ಅತ್ತೆ.

ಬರುವಾಗ ದಾರಿಯಲ್ಲಿ ಬೋರಮ್ಮ ಸಿಕ್ಕಳು. ಕೈಯಲ್ಲಿ ಒಂದು ಕಟ್ಟು ಸೊಪ್ಪು. ನನ್ನ ಬರಿಗಾಲು ನೋಡಿ, "ಏನಾಯ್ತಪ್ಪಾ?" ಎಂದಳು, ನಿಜವಾಗಿ ಕೇಳಿದಳು. ತಲೆ ತಗ್ಗಿಸಿ ದಾಟಿ ಬಂದೆ.

ಬಿಸಿಲಿಳಿಯುವ ಹೊತ್ತು. ಅಕ್ಕ ಜಗಲಿಯ ಮೇಲೆ ಚೀಲ ಕಟ್ಟಿಟ್ಟುಕೊಂಡು ಕೂತಿದ್ದಳು. ಹೊಸ ಸೀರೆಯನ್ನು ಮಡಿಚಿ ಮೇಲೆ ಇಟ್ಟಿದ್ದಳು, ಡಾಕ್ಟರ ಮುಂದೆ ಬಡವರ ಹಾಗೆ ಕಾಣಬಾರದಂತೆ. ನಾನು ಬಾಗಿಲಲ್ಲೇ ನಿಂತೆ. ಸುಳ್ಳು ಹೇಳಬೇಕೆಂದೇ ಬಂದಿದ್ದೆ; ಯಂತ್ರ ಕೆಟ್ಟಿತು, ಕರೆಂಟು ಹೋಯಿತು, ಏನಾದರೊಂದು. ಅವಳ ಮುಖ ನೋಡಿದ ಮೇಲೆ ಎಲ್ಲ ಹೇಳಿಬಿಟ್ಟೆ. ಅಂಬುಜಮ್ಮ ಕೇಳಿದ್ದು, ನಾನು ಬೇಡವೆಂದದ್ದು, ಬಿಚ್ಚಿದ್ದು, ಹೋದದ್ದು. ಡಾಕ್ಟರ ಕಾಗದದ ಕೊನೆಯ ಸಾಲನ್ನೂ ಓದಿದೆ.

ಅವಳು ಬಹಳ ಹೊತ್ತು ಚೀಲದ ಹಗ್ಗವನ್ನೇ ತಿರುಚುತ್ತಿದ್ದಳು. "ನೋಡ್ಕೋ ಅಂತ ನಾನೇ ಅಲ್ವಾ ಹೇಳಿದ್ದು," ಎಂದಳು.

"ನೀನು ಹೇಳದಿದ್ರೂ ನೋಡ್ತಿದ್ದೆ ಅಕ್ಕ."

"ಹೌದು, ನೋಡ್ತಿದ್ದೆ. ನಿನ್ನ ಬುದ್ಧಿ ನಂಗೊತ್ತಿಲ್ವಾ." ಚೀಲದ ಮೇಲಿನ ಸೀರೆಯನ್ನು ಒಳಗೆ ತುರುಕಿದಳು. "ಬಸ್ಸಿಗೆ ಹೋಗೋಣ. ಪಟ್ಟಿ ಇಲ್ಲ, ನಾನಿದೀನಲ್ಲ. ಮೊದಲಿಂದ ನೋಡ್ಲಿ."

"ಮೊದಲಿಂದ ಅಂದ್ರೆ ಹೇಗಿರುತ್ತೆ ಗೊತ್ತಲ್ಲ."

"ಬಿದ್ದವಳು ನಾನು, ನಂಗೆ ಹೇಳ್ಬೇಡ," ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತು, ನನಗೆ ಅದು ಸಮಾಧಾನವೆನಿಸಿತು. ಇನ್ನೂ ಬಯ್ಯಲಿ ಎಂದು ಕಾದೆ. ಅವಳು ಬಯ್ಯಲಿಲ್ಲ. ನಾನು ಅಲ್ಲೇ ಕೂತು ಅವಳ ಪಾದ ಮುಟ್ಟಿದೆ. ಕಾಲು ಹಿಂದಕ್ಕೆಳೆದುಕೊಂಡು ಎದ್ದಳು. ಗೂಡಿನಲ್ಲಿ ಹುಡುಕಾಡಿ ಸ್ಕ್ರೂ ಬಿಚ್ಚುವ ಕಡ್ಡಿ ತಂದು ನನ್ನ ಕೈಗೆ ಕೊಟ್ಟಳು.

"ಬಚ್ಚಲ ಬಾಗಿಲ ಒಳಚಿಲಕ ತೆಗೆದುಬಿಡು ಶಂಭು. ಒಳಗೆ ಬಿದ್ರೆ ನೀನು ಬಾಗಿಲು ಒಡೆಯೋ ಹೊತ್ತಿಗೆ ತಡ ಆಗುತ್ತೆ."

ಚಿಲಕಕ್ಕೆ ತುಕ್ಕು ಹಿಡಿದಿತ್ತು. ಎರಡು ಕೈಯಲ್ಲೂ ಒತ್ತಿ ತಿರುಗಿಸಬೇಕಾಯಿತು. ಅಕ್ಕ ಪಕ್ಕದಲ್ಲಿ ನಿಂತು ಅಂಗೈ ಚಾಚಿದ್ದಳು, ಸ್ಕ್ರೂಗಳನ್ನು ಒಂದೊಂದಾಗಿ ಅದರಲ್ಲಿ ಹಾಕಿದೆ. ಚಿಲಕ ಕಳಚಿ ಬಂದ ಮೇಲೆ ಅವಳು ಒಮ್ಮೆ ಬಾಗಿಲನ್ನು ತಳ್ಳಿ, ಅದು ಸರಾಗವಾಗಿ ತೆರೆಯುತ್ತದೆಯೇ ಎಂದು ನೋಡಿದಳು.

"ಇನ್ನು ಅಡುಗೆಮನೆ," ಎಂದಳು. "ಈಳಿಗೆಮಣೆ ಅಟ್ಟಕ್ಕೆ ಹಾಕೋಣ ಬಾ."